ಫೋಟೋದ ಮೂಲೆಯಲ್ಲಿ ಮುಸ್ತಾಕನ ಹೆಸರು

ರಾಣೆಬೆನ್ನೂರಿನ ಸ್ಟೇಷನ್ ರಸ್ತೆಯಲ್ಲಿ ತನ್ನ ಹೆಸರಿನಲ್ಲೇ ಫೋಟೋ ಸ್ಟುಡಿಯೋ ಇಟ್ಟಿರುವ ಮುಸ್ತಾಕ್ ಯಾರ ಹೊಲ ಕಂಡೂ ಹೊಟ್ಟೆ ಉರಿದುಕೊಂಡವನಲ್ಲ, ಯಾರ ಮನೆ ಕಂಡೂ ಅಲ್ಲ. ಅವನ ಹೊಟ್ಟೆಯುರಿಯೆಲ್ಲ ಚಾಚಾನ ಮಗ ಮುಜಾಫರನೊಬ್ಬನಿಗೇ ಮೀಸಲು. ದೋಹಾದಲ್ಲಿ ಎ.ಸಿ. ರಿಪೇರಿ ಮಾಡುವ ಮುಜಾಫರನಿಗೆ ಫೋಟೋ ತೆಗೆಯುವುದು ಬರೀ ಶೋಕಿ. ಆ ಶೋಕಿಯವನ ಕೊರಳಲ್ಲಿ ಎಂಥ ಕ್ಯಾಮೆರಾ ಅಂತೀರಿ! ಮದುವೆ ಮುಂಜಿಗಳ ಫೋಟೋ ತೆಗೆದೇ ಸಂಸಾರ ಸಾಕುವ ಮುಸ್ತಾಕನದು ಹುಬ್ಬಳ್ಳಿಯಲ್ಲಿ ಬಿಲ್ಲಿಲ್ಲದೆ ಕೊಂಡ ಸೆಕೆಂಡ್ ಹ್ಯಾಂಡ್ ಮಾಲು.

ರಜೆಗೆ ಬಂದ ಮುಜಾಫರ ಆ ಕ್ಯಾಮೆರಾವನ್ನು ಸ್ಟುಡಿಯೋದ ಕೌಂಟರಿನ ಅಂಚಿಗೇ ಇಟ್ಟಾಗ ಮುಸ್ತಾಕನೇ ಗಾಬರಿಯಾಗಿ ಹಿಡಿದುಕೊಂಡ.

"ಬಿದ್ರ ಬೀಳ್ಲಿ ಬಿಡು ಭಾಯಿ," ಎಂದು ಮುಜಾಫರ ನಕ್ಕ. "ದೋಹಾದಾಗ ಇನ್ಶೂರೆನ್ಸ್ ಮಾಡ್ಸೇನಿ. ಊರಿಗೆ ಬಂದಾಗೂ ನಡೀತೈತಿ. ಒಡದ್ರ, ಕಳದ್ರ ಹೊಸಾದು ಕೊಡ್ತಾರ. ಒಂದ ಷರತ್ತು, ಇದರಾಗ ಧಂದೆ ಮಾಡಬಾರ್ದು."

ಮುಸ್ತಾಕ್ ತನ್ನ ಕ್ಯಾಮೆರಾಕ್ಕೂ ವಿಮೆ ಮಾಡಿಸಲು ಹೋಗಿದ್ದ. ಏಜೆಂಟ್ ಬಿಲ್ ಕೇಳಿ ವಾಪಸ್ ಕಳಿಸಿದ್ದ. ದುಡಿಯುವ ಕ್ಯಾಮೆರಾಕ್ಕೆ ದಿಕ್ಕಿಲ್ಲ, ಮೆರೆಯುವ ಕ್ಯಾಮೆರಾಕ್ಕೆ ಕಾವಲು. ಅಂದು ಅವನಿಗೆ ಊಟ ಸೇರಲಿಲ್ಲ.

ಕ್ಯಾಮೆರಾದ ಮಾತು ಹೋಗಲಿ, ಬ್ಯಾಡಗಿಯ ಮಾರುಕಟ್ಟೆಗೆ ಹೋಗಿಬಂದ ಮುಜಾಫರ ತನ್ನ ಫೋಟೋಗಳನ್ನು ಸ್ಟುಡಿಯೋದ ಕಂಪ್ಯೂಟರಿಗೆ ಹಾಕಿಸಿದ. ಒಂದರಲ್ಲಿ ಮೆಣಸಿನಕಾಯಿ ರಾಶಿಗಳ ನಡುವೆ ಚೀಲ ಹೊತ್ತ ಹಮಾಲನೊಬ್ಬ ಬಾಯ್ತೆರೆದು ಸೀನುತ್ತಿದ್ದಾನೆ, ತೊಟ್ಟು ಬಿಡಿಸುವ ಹೆಂಗಸರೆಲ್ಲ ಅವನನ್ನು ನೋಡಿ ನಗುತ್ತಿದ್ದಾರೆ. ವರ್ಷಗಟ್ಟಲೆ ಆ ಮಾರುಕಟ್ಟೆಗೆ ತಿರುಗಿದ ಮುಸ್ತಾಕ್ ತಾನೂ ಅಲ್ಲಿ ಸೀನಿದ್ದ, ಆದರೆ ಇಂಥದೊಂದು ಫೋಟೋ ಅವನ ಕಣ್ಣಿಗೆ ಬಿದ್ದಿರಲಿಲ್ಲ.

ಸ್ಟುಡಿಯೋದಿಂದ ಯಾವ ಫೋಟೋ ಹೊರಗೆ ಹೋದರೂ ಮೂಲೆಯಲ್ಲಿ ಸ್ಟುಡಿಯೋದ ಹೆಸರು, ಮೊಬೈಲ್ ನಂಬರ್ ಹಾಕುವುದು ರೂಢಿ. ಮುಸ್ತಾಕ್ ಆ ಹಮಾಲನ ಫೋಟೋಕ್ಕೂ ಹಾಕಿ ಫೇಸ್‌ಬುಕ್ಕಿಗೆ ಬಿಟ್ಟ. ರೂಢಿಯ ಮೇಲೆ ಕೈ ಓಡಿತು ಎಂದು ಹೆಂಡತಿ ಮೆಹನಾಜಳಿಗೆ ಹೇಳಿದ. ಸುಳ್ಳು. ಕೈ ಓಡಿಸಿದ್ದು ಹೊಟ್ಟೆಕಿಚ್ಚು. ಹಾವೇರಿಯ ಜನವೂ ಫೋನ್ ಮಾಡಿ ಶಹಬ್ಬಾಸ್ ಎಂದರು. ಮುಜಾಫರ ನೋಡಿಯೂ ಬರೀ ನಕ್ಕ. ಆ ನಗು ಇವನನ್ನು ಇನ್ನಷ್ಟು ಉರಿಸಿತು.

ರಜೆ ಮುಗಿಯುವ ಮೊದಲು ಐರಣಿಯಲ್ಲಿ ತೆಪ್ಪ ವಾಲಿ ಮುಜಾಫರನ ಕ್ಯಾಮೆರಾ ತುಂಗಭದ್ರೆಯ ಪಾಲಾಯಿತು. ದೋಹಾಕ್ಕೆ ಮರಳಿದ ಮುಜಾಫರ ವಿಮೆ ಕೇಳಿದ. ಕ್ಯಾಮೆರಾ ತನ್ನದೇ ಎಂದು ತೋರಿಸಲು ಅದರಲ್ಲಿ ತೆಗೆದ ಫೋಟೋಗಳನ್ನೂ ಕಳಿಸಿದ. ಕಂಪನಿಯವರು ಇಂಟರ್ನೆಟ್ಟಿನಲ್ಲಿ ಹುಡುಕಿ ನೋಡಿದರೆ ಸೀನುವ ಹಮಾಲನ ಫೋಟೋದ ಮೂಲೆಯಲ್ಲಿ ಸ್ಟುಡಿಯೋದ ಹೆಸರು. ಕ್ಯಾಮೆರಾ ಧಂದೆಗೆ ಕೊಟ್ಟಿದ್ದೀಯ ಎಂದು ಪಟ್ಟು ಹಿಡಿದರು.

"ಅವ್ರು ನಿನಗ ಫೋನ್ ಮಾಡ್ತಾರ ಭಾಯಿ," ಎಂದು ಮುಜಾಫರ ದೋಹಾದಿಂದ ಫೋನಿನಲ್ಲಿ ಹೇಳಿದ. "ಫೋಟೋ ನಾ ತಗದದ್ದು, ನೀ ಬರೇ ಹೆಸರು ಹಾಕೀದಿ. ಅಷ್ಟ ಖರೇ ಹೇಳು, ಸಾಕು."

ಆ ಫೋನ್ ಬಂದಾಗ ಬ್ಯಾಡಗಿಯ ವ್ಯಾಪಾರಿ ಪ್ರಭುಲಿಂಗಪ್ಪ ಮಗಳ ಮದುವೆಗೆ ಫೋಟೋದವನನ್ನು ಗೊತ್ತುಮಾಡಲು ಸ್ಟುಡಿಯೋದಲ್ಲಿ ಕುಳಿತಿದ್ದ. "ಆ ಹಮಾಲನ ಫೋಟೋ ನೋಡೇ ಬಂದೇನಿ ನೋಡ್ರಿ. ಏನ್ ಕಣ್ಣರೀ ನಿಮ್ಮದು," ಎನ್ನುತ್ತಿದ್ದ. ಫೋನಿನಲ್ಲಿದ್ದವನು ಹಿಂದಿಯಲ್ಲಿ, ಈ ಫೋಟೋ ತೆಗೆದವರು ಯಾರು ಎಂದು ಕೇಳಿದ. ಮುಸ್ತಾಕ್ ಎದ್ದು ಹೊರಗೆ ಹೋಗಿ ಮಾತಾಡಬಹುದಿತ್ತು. ಹೋಗಲಿಲ್ಲ. ಪ್ರಭುಲಿಂಗಪ್ಪನ ಮುಖ ನೋಡುತ್ತಲೇ, ನಾನೇ ತೆಗೆದದ್ದು ಎಂದುಬಿಟ್ಟ. ಅಂಜಿಕೆಯ ಜೊತೆಗೇ ಖುಷಿಯೂ ಆಯಿತು.

ವಿಮೆ ಸಿಗಲಿಲ್ಲ. ಮುಜಾಫರ ಫೋನ್ ಮಾಡಿದಾಗ ಮುಸ್ತಾಕ್ ಜಗಳಕ್ಕೆ ಸಿದ್ಧನಾಗೇ ಎತ್ತಿದ.

"ಅವ್ರು ಒಪ್ಪಲಿಲ್ಲ ಭಾಯಿ," ಎಂದ ಮುಜಾಫರ. "ನೀ ಖರೇನ ಹೇಳಿರ್ತಿ, ಅವ್ರ ನಂಬಿಲ್ಲ. ಮನಸಿಗೆ ಹಚ್ಗೋಬ್ಯಾಡ. ನನ್ನ ದೊಡ್ಡ ಲೆನ್ಸ್ ಮನ್ಯಾಗ ಉಳದೈತಿ, ನಿನ್ನ ಕ್ಯಾಮೆರಾಕ್ಕೂ ಕುಂದ್ರತೈತಿ. ತಗೊಂಡು ಹೋಗು, ಮದುವಿ ಸೀಜನ್ ಬಂತಲ್ಲ."

ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಮುಸ್ತಾಕ್ ಫೋನ್ ಇಟ್ಟ. ನಾಚಿಕೆಯಾಗಬೇಕಿತ್ತು, ಆಯಿತು ಕೂಡ. ಆದರೆ ಅದರ ಅಡಿಯಲ್ಲಿ ಹಳೆಯ ಉರಿ ಹಾಗೇ ಇತ್ತು: ಆ ಕಣ್ಣು ಅವನಿಗೆ ಕೊಟ್ಟೆಯಲ್ಲ ಅಲ್ಲಾಹ್, ಈ ದೊಡ್ಡ ಮನಸ್ಸನ್ನೂ ಅವನಿಗೇ ಯಾಕೆ ಕೊಟ್ಟೆ?