ಅಕ್ಕು ಮೂಸಿ ಕೊಟ್ಟ ಮೀನು

ಕಾಪು ಕಡಲತಡಿಯಲ್ಲಿ ಇನ್ನೂ ಸರಿಯಾಗಿ ಬೆಳಕಾಗಿಲ್ಲ. ದೋಣಿಯಿಂದಿಳಿದ ಬಂಗುಡೆಯ ರಾಶಿಯ ಮುಂದೆ ಅಕ್ಕು ಕುಕ್ಕುರುಗಾಲಲ್ಲಿ ಕೂತು, ಒಂದು ಮೀನಿನ ಕಿವಿರು ಬಿಡಿಸಿ ಮೂಸುತ್ತಾರೆ. ಅವರು ತಲೆಯಾಡಿಸಿದರೆ ಗಂಡ ಕರುಣಾಕರ ಬುಟ್ಟಿಗೆ ತುಂಬುತ್ತಾರೆ. ಮುಖ ಸಿಂಡರಿಸಿದರೆ ಇಬ್ಬರೂ ಮುಂದಿನ ರಾಶಿಗೆ ಹೋಗುತ್ತಾರೆ. ಸೈಕಲ್ಲಿನಲ್ಲಿ ಮೀನು ಮಾರುವ ಬೇರೆಯವರು ನೋಡಿ ನಗುತ್ತಾರೆ. ನಗಲಿ ಬಿಡಿ.

ಬೆಳ್ಮಣ್ಣಿನಲ್ಲಿ ಬೆಳೆದ ನನಗೆ ಕರುಣಾಕರಣ್ಣ ಎಂದರೆ ರಬ್ಬರ್ ಹಾರ್ನು. ಎಪ್ಪತ್ತರ ದಶಕದಲ್ಲಿ ಆ 'ಪೋಂ ಪೋಂ' ಕೇಳಿದ್ದೇ ತಡ, ಅಂಗಳದಲ್ಲಿ ಬೆಕ್ಕಿಗೂ ನನಗೂ ಓಟ. ಎಂಥ ಚೆಂದದ ಬೆಳಗುಗಳು ಮಾರಾಯರೇ! ಯಾರ ಹಾರ್ನು ಮೊದಲು ಕೇಳಿತೋ ಅವರ ಬುಟ್ಟಿ ಮೊದಲು ಖಾಲಿ. ಹಾಗಾಗಿ ಮೀನಿನ ಸೈಕಲ್ಲಿನವರು ಇಳಿಜಾರಿನಲ್ಲೂ ಒಂದು ಕೈಯಲ್ಲಿ ಹಾರ್ನು ಒತ್ತುತ್ತಲೇ ಬರುತ್ತಿದ್ದರು.

ನಾಲ್ಕು ವರ್ಷದ ಹಿಂದೆ, ಎಂಬತ್ತೆರಡರ ಮಳೆಗಾಲ ಮುಗಿದ ಹೊಸತರಲ್ಲಿ, ಕರುಣಾಕರಣ್ಣನೂ ಹಾಗೆಯೇ ಇಳಿದರು. "ಬುಟ್ಟಿಯ ನೀರು ಸೋರಿ ಹಿಂದಿನ ಬ್ರೇಕು ಹಿಡಿಯಲಿಲ್ಲ. ಮುಂದಿನ ಬ್ರೇಕು ಹಿಡಿಯಬೇಕಾದ ಕೈ ಹಾರ್ನಿನ ಮೇಲಿತ್ತು. ತಲೆಗೆ ಇದ್ದದ್ದು ಸುತ್ತಿಕೊಂಡ ಒಂದು ಬೈರಾಸು ಬಟ್ಟೆ ಮಾತ್ರ" ಎನ್ನುತ್ತಾರೆ. ಮೋರಿಯ ಕಲ್ಲಿಗೆ ತಲೆ ಬಡಿಯಿತು. ಮಣಿಪಾಲದ ಆಸ್ಪತ್ರೆಯಲ್ಲಿ ಎಷ್ಟೋ ದಿನ ಪ್ರಜ್ಞೆಯಿಲ್ಲದೆ ಮಲಗಿದ್ದು, ದೇವರ ದಯೆಯಿಂದ ಎದ್ದು ಬಂದು ಮತ್ತೆ ಸೈಕಲ್ ಹತ್ತಿದರು.

ಮೊದಲ ದಿನವೇ ಝೀಟಾ ಬಾಯಿ, ಇವರ ಹಳೆಯ ಗಿರಾಕಿ, ಆಗಷ್ಟೇ ಕೊಂಡ ಬೂತಾಯಿ ಮೀನು ಹಿಡಿದುಕೊಂಡು ಗೇಟಿಗೆ ಬಂದರಂತೆ. "ಎಂತ ಕರುಣಾಕರ, ಇದು ನಾರುತ್ತದೆ ಅಲ್ವಾ? ನಿನ್ನ ಮೂಗಿಗೆ ಎಂತ ಆಯ್ತು?"

ಇವರು ಬುಟ್ಟಿಯೊಳಗೇ ಮುಖವಿಟ್ಟು ನೋಡಿದರು. ಏನೂ ಇಲ್ಲ. ಇಷ್ಟು ದಿನ ಶೀತ ಎಂದುಕೊಂಡಿದ್ದದ್ದು ಶೀತವಲ್ಲ, ತಲೆಗೆ ಬಿದ್ದ ಪೆಟ್ಟಿನಿಂದ ವಾಸನೆ ತಿಳಿಯುವುದೇ ಹೋಗಿತ್ತು. ಮೀನನ್ನೆಲ್ಲ ಝೀಟಾ ಬಾಯಿಯ ತೆಂಗಿನ ಮರದ ಬುಡದಲ್ಲಿ ಹೂತು ಮನೆಗೆ ಬಂದವರು ಸೈಕಲ್ ಮಾರುತ್ತೇನೆಂದು ಕೂತರು. "ವಾಸನೆ ಗೊತ್ತಾಗದವ ಮೀನು ಮಾರಿದರೆ ಒಂದು ದಿನ ಯಾರದ್ದಾದರೂ ಮಗುವಿಗೆ ಹೊಟ್ಟೆ ಕೆಡುತ್ತದೆ. ಮತ್ತೆ ಯಾವ ಮುಖ ಹೊತ್ತು ಹೋಗುವುದು?"

"ನಿಮ್ಮದು ಹೋದರೆ ಎಂತ, ನನ್ನ ಮೂಗು ಉಂಟಲ್ಲ" ಎಂದವರು ಅಕ್ಕು. ಮರುದಿನ ಬೆಳಗ್ಗೆ ಗಂಡನಿಗಿಂತ ಮೊದಲೇ ಕಡಲತಡಿಗೆ ನಡೆದರು.

ಈಗ ಕರುಣಾಕರಣ್ಣ ಇಳಿಜಾರಿನಲ್ಲಿ ಸೈಕಲ್ ತಳ್ಳಿಕೊಂಡೇ ಇಳಿಯುತ್ತಾರೆ, ನಿಂತ ಮೇಲಷ್ಟೇ ಹಾರ್ನು ಒತ್ತುತ್ತಾರೆ. ಅಷ್ಟು ಹೊತ್ತಿಗೆ ಬೇರೆಯವರು ಬಂದುಹೋಗಿರುತ್ತಾರೆ. ಝೀಟಾ ಬಾಯಿ ಮಾತ್ರ ಬೇರೆ ಹಾರ್ನಿಗೆ ಏಳುವುದಿಲ್ಲ.

"ಮೊದಲು ಕಾರ್ಕಳದ ಬಸ್ಸಿನಲ್ಲಿ ನಾನು ಕೂತರೆ ಮೀನಿನ ನಾತಕ್ಕೆ ಪಕ್ಕದವರು ಎದ್ದು ಹೋಗುತ್ತಿದ್ದರು. ನಾಚಿಕೆಯಾಗಿ ಸಾಬೂನು ತಿಕ್ಕಿ ತಿಕ್ಕಿ ಮೀಯುತ್ತಿದ್ದೆ" ಎಂದು ಕರುಣಾಕರಣ್ಣ ನಗುತ್ತಾ ಅಂಗಿ ಬಿಚ್ಚಿ, ಒಗೆಯಲು ಕೊಡುವ ಮೊದಲು ಮುಖಕ್ಕೆ ಒತ್ತಿ ಉಸಿರೆಳೆಯುತ್ತಾರೆ.

"ಬಂತಾ?" ಅಕ್ಕು ಕೇಳುತ್ತಾರೆ.

"ನಾಳೆ ಬರಬಹುದು" ಎಂದು ಅಂಗಿಯನ್ನು ಅವರ ಕೈಗೆ ಕೊಡುತ್ತಾರೆ.