ಸ್ಲ್ಯಾಬಿನ ಕೆಳಗೆ ಆರು ಕಿಂಡಿ

ಹುಣಸಮಾರನಹಳ್ಳಿಯ ಹತ್ತಿರ ನಾವು ಮನೆ ಕಟ್ಟಿಸುವ ಹೊತ್ತಿಗೆ ನಾನು ಯಶವಂತಪುರದ ಮಾರುಕಟ್ಟೆಯಲ್ಲಿ ಒಂದು ಈರುಳ್ಳಿ ಮಂಡಿಯ ಗೋಡೌನು ನೋಡಿಕೊಳ್ಳುತ್ತಿದ್ದೆ. ಈಗಲೂ ಅದೇ ಕೆಲಸ. ಗಂಡ ಯಲಹಂಕದ ಕಡೆ ಒಂದು ಕಾರ್ಖಾನೆಯಲ್ಲಿ ಫಿಟ್ಟರ್. ಇಬ್ಬರೂ ಗದಗಿನ ಸೀಮೆಯವರು. ಬೆಂಗಳೂರಿಗೆ ಬಂದ ಮೇಲೆ ಹದಿನಾರು ವರ್ಷ ಒಂದೇ ಬಾಡಿಗೆ ಮನೆಯಲ್ಲಿದ್ದೆವು, ಮೇಲಿನ ಮಹಡಿಯಲ್ಲಿ. ಬೇಸಿಗೆಯಲ್ಲಿ ಹೊತ್ತು ಮುಳುಗಿದ ಮೇಲೂ ಸ್ಲ್ಯಾಬಿನಿಂದ ಬಿಸಿ ಇಳಿಯುತ್ತಿತ್ತು. ಫ್ಯಾನು ಹಾಕಿದರೆ ಅದೇ ಬಿಸಿಯನ್ನು ತಂದು ಮೈಮೇಲೆ ಸುರಿಯುತ್ತಿತ್ತು. ನಮ್ಮದೇ ಮನೆಯಾದರೆ ಇಂಥ ಮನೆಯಂತೂ ಬೇಡ ಎಂದು ಆಗಲೇ ತೀರ್ಮಾನಿಸಿದ್ದೆ.

ಪ್ಲಾನು ಹಾಕಿಕೊಟ್ಟ ಎಂಜಿನಿಯರು ಚಿಕ್ಕ ವಯಸ್ಸಿನವರು, ಮಾತು ಬಲು ನಯ. ನಮ್ಮ ಸೈಟಿನ ಮುಖ ಪಶ್ಚಿಮಕ್ಕೆ. ಅವರು ಮುಂದಿನ ಗೋಡೆಗೆ ಉದ್ದಕ್ಕೂ ಗಾಜು ಬರೆದಿದ್ದರು.

"ಮಧ್ಯಾಹ್ನದ ಬಿಸಿಲು ಪೂರ್ತಿ ಒಳಗ ಬರ್ತದಲ್ರೀ," ಅಂದೆ.

"ಅದಕ್ಕೇ ಎ.ಸಿ. ಪಾಯಿಂಟ್ ಕೊಟ್ಟಿದೀನಲ್ಲ ಮೇಡಂ. ಮನೆ ಮುಂದಿನ ಎಲಿವೇಶನ್ ನೋಡೋಕೆ ಸಖತ್ತಾಗಿ ಬರುತ್ತೆ."

"ಕರೆಂಟ್ ಬಿಲ್ ನೀವು ಕಟ್ತೀರೇನ್ರಿ?"

ಅವರು ನಕ್ಕು ನನ್ನ ಗಂಡನ ಮುಖ ನೋಡಿದರು. ಮನೆ ಮುಗಿಯುವವರೆಗೂ ನಾನು ಏನೇ ಕೇಳಿದರೂ ಎಲ್ಲರೂ ಹೀಗೇ ಅವರ ಮುಖ ನೋಡುತ್ತಿದ್ದರು. ಅದು ನನ್ನ ಹಟವನ್ನು ಇನ್ನಷ್ಟು ಗಟ್ಟಿ ಮಾಡಿತು.

ನಾನು ಓದಿದ್ದು ಹತ್ತನೇ ಕ್ಲಾಸು. ಆದರೆ ಬಿಸಿ ಗಾಳಿ ಒಳಗೆ ನಿಂತರೆ ಏನಾಗುತ್ತದೆ ಎಂಬುದನ್ನು ವರ್ಷಾನುಗಟ್ಟಲೆ ಮೂಸಿ ನೋಡಿದವಳು. ಈರುಳ್ಳಿ ಕೆಡದೆ ಇರಬೇಕಾದರೆ ಕೆಳಗಿನಿಂದ ತಂಪು ಗಾಳಿ ಬರಬೇಕು, ಬೆಚ್ಚಗಾದದ್ದು ಮೇಲಿನಿಂದ ಹೊರಗೆ ಹೋಗಬೇಕು. ಮೇಲೆ ದಾರಿ ಮುಚ್ಚಿದರೆ ನಾಲ್ಕೇ ದಿನಕ್ಕೆ ವಾಸನೆ. ಹಾಗಾಗಿ ಗಾಜು ತೆಗೆಸಿದೆ. ಫಾಲ್ಸ್ ಸೀಲಿಂಗ್ ತೆಗೆಸಿದೆ. ಹಾಗೆ ಉಳಿದ ದುಡ್ಡಿನಲ್ಲಿ ಎಲ್ಲ ಕಿಟಕಿಗೂ ಅಗಲವಾದ ಸಜ್ಜಾ, ಪೂರ್ವಕ್ಕೆ ತಗ್ಗಿನಲ್ಲಿ ದೊಡ್ಡ ಕಿಟಕಿ, ಪಶ್ಚಿಮದ ಗೋಡೆಯಲ್ಲಿ ಸ್ಲ್ಯಾಬಿನ ಕೆಳಗೆ ಸಿಮೆಂಟ್ ಜಾಲರಿಯ ಆರು ಕಿಂಡಿ. ಮಂಚದ ಕೋಣೆಯ ಬಿಸಿಲಿನ ಗೋಡೆಯನ್ನು ಎರಡು ಪದರವಾಗಿ, ನಡುವೆ ಸಂದು ಬಿಟ್ಟು ಕಟ್ಟಿಸುವ ಆಸೆ ಇತ್ತು. ಅದಕ್ಕೆ ದುಡ್ಡು ಸಾಲಲಿಲ್ಲ, ಬಿಟ್ಟೆ. ಸೋಲಾರ್ ನೀರಿಗೂ ಸಾಲಲಿಲ್ಲ. ಮುಂದೆಂದಾದರೂ ಕೂರಿಸಬಹುದೆಂದು ಪೈಪು ಮಾತ್ರ ಗೋಡೆಯೊಳಗೆ ಹಾಕಿಸಿಟ್ಟೆ.

ಒಂದು ವಾರ ಮಂಡಿಗೆ ಲೋಡಿನ ಮೇಲೆ ಲೋಡು ಬಂದು ಸೈಟಿಗೆ ಹೋಗಲಾಗಲಿಲ್ಲ. ಭಾನುವಾರ ಇಬ್ಬರೂ ಹೋಗಿ ನೋಡುತ್ತೇವೆ, ಪಶ್ಚಿಮದ ಗೋಡೆ ಮೇಲಿನವರೆಗೆ ಪೂರ್ತಿ ಕಟ್ಟಿಯಾಗಿದೆ. ಒಂದು ಕಿಂಡಿಯೂ ಇಲ್ಲ. ಜಾಲರಿಗಳು ಮರಳಿನ ಗುಡ್ಡೆಯ ಪಕ್ಕದಲ್ಲಿ ಬಿದ್ದಿದ್ದವು.

ಮೇಸ್ತ್ರಿ ಹುಣಸಮಾರನಹಳ್ಳಿ ಕಡೆಯ ಹಿರಿಯ ಮನುಷ್ಯ. ತಲೆ ಕೆರೆದುಕೊಂಡು ಹೇಳಿದರು: "ಯಾರೂ ಇಂಗೆ ಕಟ್ಸಲ್ಲ ಕಣಮ್ಮ. ನಿಮ್ ಯಜಮಾನ್ರ ಅಣ್ಣೋರು ಫೋನ್ ಮಾಡಿದ್ರು. ಮುಚ್ಬಿಡಿ, ನಾನ್ ಅವರ್ಗೆ ಏಳ್ತೀನಿ ಅಂದ್ರು."

ಭಾವ ಗದಗಿನಲ್ಲಿದ್ದಾರೆ. ಹಿಂದಿನ ತಿಂಗಳು ಬಂದು ಸೈಟು ನೋಡಿ, ಮೇಸ್ತ್ರಿಯ ನಂಬರು ತೆಗೆದುಕೊಂಡು ಹೋಗಿದ್ದರು. ಸೈಟಿನಿಂದಲೇ ಅವರಿಗೆ ಫೋನು ಹಚ್ಚಿದೆ.

"ಮಂದಿ ಏನಂತಾರವ್ವ?" ಅಂದರು ಅವರು. "ಮನಿ ಕಟ್ಟಿಸ್ಯಾರೋ, ಉಳ್ಳಾಗಡ್ಡಿ ಗೋಡೌನ್ ಕಟ್ಟಿಸ್ಯಾರೋ ಅಂತಾರ."

"ಅನ್ನಲಿ ಭಾವಾ. ನೀವು ದೊಡ್ಡವರು, ನಿಮಗ ಎದುರಾಡೂದು ನನಗೂ ಚಂದ ಅನಸೂದಿಲ್ಲ. ಆದ್ರ ಈ ಮನ್ಯಾಗ ಇರೋರು ನಾವು, ಬೇಯೋರೂ ನಾವ. ಗ್ವಾಡಿ ಒಡಸ್ತೀನಿ."

ಆ ಕಡೆಯಿಂದ ಫೋನು ಇಟ್ಟರು. ಮದುವೆಯಾದ ಮೇಲೆ ಅವರಿಗೆ ಎದುರು ಹೇಳಿದ್ದು ಅದೇ ಮೊದಲು.

ಮೇಸ್ತ್ರಿಗೆ ಕೋಪ ಬಂತು. ಕಟ್ಟಿದ್ದನ್ನು ಒಡೆಯುವುದಾದರೆ ಬೇರೆಯವರನ್ನು ನೋಡಿಕೊಳ್ಳಿ ಎಂದು ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡರು. ಆಮೇಲೆ, ಎಂದಿನಂತೆ, ನನ್ನ ಗಂಡನ ಮುಖ ನೋಡಿದರು. ಇವರು ಅಣ್ಣನ ಮಾತಿಗೆ ಒಂದು ದಿನವೂ ಮರುಮಾತು ಹೇಳಿದವರಲ್ಲ. ಮರಳಿನ ಪಕ್ಕದಿಂದ ಒಂದು ಜಾಲರಿ ಎತ್ತಿ ತಂದು ಗೋಡೆಗೆ ಒರಗಿಸಿದರು.

"ನನ್ನ ಯಾಕ ನೋಡ್ತೀರಿ ಮೇಸ್ತ್ರಿ? ಆಕಿನ್ನ ಕೇಳ್ರಿ," ಅಂದರು.

ಅಷ್ಟೇ. ಸೋಮವಾರ ಬೆಳಿಗ್ಗೆ ಮೇಸ್ತ್ರಿಯೇ ಗೋಡೆ ಒಡೆದರು. ನಾನು ರಜೆ ಹಾಕಿ, ಆರೂ ಜಾಲರಿ ಕೂರುವವರೆಗೆ ಇಟ್ಟಿಗೆಯ ಮೇಲೆ ಕೂತಿದ್ದೆ. ಸ್ಲ್ಯಾಬಾದ ಮೇಲೆ ಟೈಲ್ಸ್ ಅಂಗಡಿಗಳಲ್ಲಿ ಒಡೆದು ಬಿದ್ದಿದ್ದ ಬಿಳಿ ಚೂರುಗಳನ್ನು ಮೂಟೆಗಟ್ಟಲೆ ಅಗ್ಗಕ್ಕೆ ತಂದು ತಾರಸಿಗೆಲ್ಲ ಹಾಸಿಸಿದೆ, ಬಿಸಿಲು ಬಿದ್ದಷ್ಟೂ ವಾಪಸ್ಸು ಹೋಗಲಿ ಎಂದು. ಹೊರಗಿನ ಬಣ್ಣಕ್ಕೆ ಏನೂ ಉಳಿಯಲಿಲ್ಲ. ಸಿಮೆಂಟಿನ ಬೂದು ಗೋಡೆಯಲ್ಲೇ ಗೃಹಪ್ರವೇಶ ಮಾಡಿದೆವು. ಭಾವ ಬಂದರು, ಉಂಡರು, ಕಿಂಡಿಗಳ ಕಡೆ ಕತ್ತೆತ್ತಲಿಲ್ಲ. "ಪೇಂಟ್ ಯಾವಾಗ ಮಾಡಿಸ್ತೀರಾ?" ಎಂದು ಕೇಳಿದವರಿಗೆಲ್ಲ "ಗೋಡೆ ಹೊರಗಿಂದ ನೋಡೋರಿಗೆ, ಮನೆ ಒಳಗಿರೋರಿಗೆ" ಎಂದು ಹೇಳಿ ಹೇಳಿ ಬಾಯಿ ನೋಯಿತು.

ಮೊದಲ ಬೇಸಿಗೆ ಒಂದೇ ಫ್ಯಾನಿನಲ್ಲಿ ಕಳೆಯಿತು. ಮಂಚದ ಕೋಣೆ ಮಾತ್ರ ಮಧ್ಯಾಹ್ನ ಮೂರು ಗಂಟೆಯ ಮೇಲೆ ಬೆಚ್ಚಗಾಗುತ್ತದೆ, ಒಂದೇ ಪದರದ ಗೋಡೆಯಲ್ಲವೇ. ಬೇಸಿಗೆಯ ರಾತ್ರಿ ನಡುಮನೆಯಲ್ಲಿ ಮಲಗುತ್ತೇವೆ. ಮಳೆಗಾಲ ಬಂದಾಗ ಪಶ್ಚಿಮದ ಗಾಳಿ ಇರಚಲನ್ನು ನೇರ ಒಳಗೇ ಹೊಡೆಯಿತು. ಕಿಂಡಿಗಳಿಗೆ ಸಜ್ಜಾ ಬೇಡ ಎಂದು ಖರ್ಚು ಉಳಿಸಿದವಳು ನಾನೇ. ಮುಚ್ಚಿಸಿಬಿಡಿ ಎಂದು ಇಡೀ ಬೀದಿ ಹೇಳಿತು. ನಾನು ತಗಡಿನ ಇಳಿಜಾರು ಮರೆ ಮಾಡಿಸಿದೆ, ಸೊಳ್ಳೆಗೆ ಬಲೆ ಹೊಡೆಸಿದೆ. ಏರ್‌ಪೋರ್ಟ್ ರಸ್ತೆಯ ಧೂಳನ್ನು ವಾರಕ್ಕೊಮ್ಮೆ ಏಣಿ ಹತ್ತಿ ಒರೆಸುತ್ತೇನೆ. ಮುಚ್ಚಿಸಿಲ್ಲ.

ಹೋದ ತಿಂಗಳು ಮೇಸ್ತ್ರಿ ಯಾರೋ ಗಂಡ ಹೆಂಡತಿಯನ್ನು ಮನೆ ತೋರಿಸಲು ಕರೆದುಕೊಂಡು ಬಂದರು. ಹೊಸದಾಗಿ ಕಟ್ಟಿಸುವವರಂತೆ. ಮಟಮಟ ಮಧ್ಯಾಹ್ನ. ಮೇಸ್ತ್ರಿ ಮೇಲೆ ಕೈ ತೋರಿಸಿ, "ನೋಡಿ ಸಾರ್, ಎಂಗೈತೆ ಗಾಳಿ. ನಾನೇ ಐಡಿಯಾ ಕೊಟ್ಟಿದ್ದು," ಅಂದರು.

"ಮೇಸ್ತ್ರಿ, ಇದನ್ನು ಮುಚ್ಚಿದ್ದು ನೀವು. ಒಡೆಸಿದ್ದು ನಾನು," ಅಂದೆ. ಅವರು ಟವೆಲ್ಲಿನಿಂದ ಮುಖ ಒರೆಸಿಕೊಂಡು ನಕ್ಕರು.

ಗಂಡಸರು ತಾರಸಿ ನೋಡಲು ಹೋದಾಗ ಆ ಹೆಂಗಸು ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದಳು: "ಆಂಟಿ, ನಮ್ಮನೇಲಿ ಎಲ್ರೂ ಮುಂದೆ ಗಾಜೇ ಬೇಕು ಅಂತಿದಾರೆ. ನಂಗೆ ಇಷ್ಟ ಇಲ್ಲ. ಏನ್ ಮಾಡ್ಲಿ?"

ಅವಳನ್ನು ಕೂರಿಸಿ ಚಹಾ ಕೊಟ್ಟೆ. "ಬೇಡ ಅಂತ ಹೇಳಮ್ಮ," ಅಂದೆ. "ಹೇಳಿದ ಮೇಲೆ ದಿನಾ ಸೈಟಿಗೆ ಹೋಗಿ ನಿಂತ್ಕೋ. ನಾನು ಒಂದು ವಾರ ತಪ್ಪಿಸಿದ್ದೆ, ನೀನು ತಪ್ಪಿಸ್ಬೇಡ."