ಇಳಕಲ್ ರಸ್ತೆಯ ರೇಡಾರ್ ಮತ್ತು ಕಲ್ಲಿನ ಲಾರಿ

ಎಂಬತ್ತರ ದಶಕದ ನಡುಭಾಗದಲ್ಲಿ ನಾನು ಹುನಗುಂದದಲ್ಲಿ ಸಬ್‌ಇನ್ಸ್‌ಪೆಕ್ಟರ್ ಆಗಿದ್ದೆ. ಇಳಕಲ್ಲಿನ ಕೆಂಪು ಗ್ರಾನೈಟ್ ಹೊತ್ತ ಲಾರಿಗಳು ಹೆದ್ದಾರಿಯಲ್ಲಿ ಬಿಡುವಿಲ್ಲದೆ ಓಡುತ್ತಿದ್ದ ಕಾಲ ಅದು. ವೇಗ ಅಳೆಯಲು ನಮ್ಮ ಬಳಿ ಇದ್ದದ್ದು ಒಂದು ಸ್ಟಾಪ್‌ವಾಚ್, ರಸ್ತೆಗೆ ಬಳಿದ ಎರಡು ಸುಣ್ಣದ ಗೆರೆ. ಎರಡನ್ನೂ ದಾಟಿದ ಮೇಲೆಯೇ ಲೆಕ್ಕ. ಅಷ್ಟರಲ್ಲಿ ಗಾಡಿ ನಮ್ಮನ್ನೂ ದಾಟಿರುತ್ತಿತ್ತು.

ಆ ವರ್ಷ ಮಳೆಗಾಲದ ಕೊನೆಗೆ ಮೇಲಿನ ಕಚೇರಿಯಿಂದ ರೇಡಾರ್ ಯಂತ್ರವೊಂದು ಪರೀಕ್ಷೆಗೆಂದು ಬಂತು. ಅದು ಬಿಡುವ ರೇಡಿಯೊ ಅಲೆ ವಾಹನಕ್ಕೆ ಬಡಿದು ಮರಳುತ್ತದೆ. ಅದರಿಂದ ವೇಗ ಲೆಕ್ಕಹಾಕಿ ಅಂಕಿಯಲ್ಲಿ ತೋರಿಸುತ್ತದೆ. ವಿದ್ಯುತ್ತು ಜೀಪಿನ ಬ್ಯಾಟರಿಯದು. ನಮ್ಮ ಹೆಡ್ ಕಾನ್‌ಸ್ಟೇಬಲ್ ಹುಸೇನಸಾಬರಿಗೆ ಅದರ ಮೇಲೆ ನಂಬಿಕೆ ಕುದುರಲಿಲ್ಲ.

“ಎದುರಿಗೆ ಬರೋದನ್ನೂ ಹಿಡಿತೈತೇನ್ರಿ ಸಾಹೇಬ್ರ, ಇದು?”

“ಹಿಡಿತೈತಿ ಅಂತ ಬರದಾರ. ನೋಡೂಣು ಬರ್ರಿ,” ಅಂದೆ.

ಇಳಕಲ್ ರಸ್ತೆಯ ಇಳಿಜಾರಿನ ಬುಡದಲ್ಲಿ ನಿಂತೆವು. ಎರಡೂ ಬದಿಗೆ ಆಳವಾದ ಚರಂಡಿ. ಹೊಲಕ್ಕೆ ಎತ್ತಿನ ಚಕ್ಕಡಿ ಇಳಿಯುವ ದಾರಿ ಒಂದೇ ಇತ್ತು. ಅದರ ಬಾಯಲ್ಲಿ, ರಸ್ತೆಗೆ ಮುಖಮಾಡಿ ಜೀಪು ನಿಲ್ಲಿಸಿ, ಬಾನೆಟ್ಟಿನ ಮೇಲೆ ಯಂತ್ರವಿಟ್ಟೆ. ನಮ್ಮ ಹಿಂದೆ ಸ್ವಲ್ಪ ದೂರದಲ್ಲಿ ಬಸ್ಸೊಂದು ಪಂಕ್ಚರ್ ಆಗಿ ನಿಂತಿತ್ತು. ಪ್ರಯಾಣಿಕರು ರಸ್ತೆಯಂಚಿನಲ್ಲೇ ಕುಳಿತು ಬುತ್ತಿ ಬಿಚ್ಚಿದ್ದರು. ಹುಸೇನಸಾಬರು ಕೆಂಪು ಬಾವುಟ ಹಿಡಿದು ಏರಿನ ಕಡೆ ನಡೆದರು.

ಮೊದಲು ಬಂದ ಒಂದೆರಡು ಗಾಡಿಗಳ ವೇಗ ಸರಿಯಾಗಿಯೇ ಕಾಣಿಸಿತು. ಬಳಿಕ ಏರಿನ ನೆತ್ತಿಯಲ್ಲಿ ಕಲ್ಲಿನ ಲಾರಿ. ಯಂತ್ರ ಐವತ್ತೆರಡು ತೋರಿಸಿತು. ಹುಸೇನಸಾಬರು ಬಾವುಟ ಬೀಸಿದರು. ಪೊಲೀಸರನ್ನು ಕಂಡ ಚಾಲಕ ವೇಗ ತಗ್ಗಿಸಲೇಬೇಕು, ಅಂಕಿ ಇಳಿಯಬೇಕು. ಅದು ಐವತ್ತೇಳಕ್ಕೆ ಏರಿತು. ಅರವತ್ತೊಂದು. ಲಾರಿಯ ಹಾರ್ನ್ ಒಂದೇ ಸಮ ಕೂಗತೊಡಗಿತು. ತಪ್ಪಿಸಿಕೊಂಡು ಹೋಗುವವನು ಹಾಗೆ ಹಾರ್ನ್ ಒತ್ತುವುದಿಲ್ಲ. ಬ್ರೇಕ್ ಹೋಗಿದೆ ಎಂದು ಹೊಳೆಯಿತು.

ಬಸ್ಸಿನ ಜನರನ್ನು ಎಬ್ಬಿಸುವಷ್ಟು ಹೊತ್ತಿರಲಿಲ್ಲ. ಲಾರಿ ತಿರುಗಲು ಇದ್ದ ಏಕೈಕ ಜಾಗ ಹೊಲದ ದಾರಿ. ಅದಕ್ಕೆ ಜೀಪು ಅಡ್ಡ. ಹಾರಿ ಕುಳಿತು ಕೀಲಿ ತಿರುವಿದೆ. ಎಂಜಿನ್ ಕೆಮ್ಮಿ ಸುಮ್ಮನಾಯಿತು. ಮತ್ತೆ ತಿರುವಿದೆ. ಹತ್ತಿದ್ದೇ ತಡ, ಜೀಪನ್ನು ರಸ್ತೆಯ ಆಚೆ ಬದಿಗೆ ಎಗರಿಸಿದೆ. ಯಂತ್ರ ಉರುಳಿ ಬಿತ್ತು. ಲಾರಿ ಅದರ ಮೇಲೆಯೇ ಹಾಯ್ದು, ನನ್ನ ಬೆನ್ನ ಹಿಂದೆ ಹೊಲಕ್ಕೆ ನುಗ್ಗಿತು. ಹಸಿ ಎರೆ ಮಣ್ಣಿನಲ್ಲಿ ಅಚ್ಚಿನವರೆಗೆ ಹೂತು ನಿಂತಿತು. ಕಲ್ಲಿನ ಗುಂಡು ಪಕ್ಕಕ್ಕೆ ಜಾರಿ ಬಿದ್ದ ಸದ್ದಿಗೆ ಬಸ್ಸಿನವರು ಎದ್ದು ನಿಂತರು.

ಚಾಲಕ ಯಮನಪ್ಪನ ಕೈ ಮುರಿದಿತ್ತು. ಹುಸೇನಸಾಬರು ಓಡಿಬಂದು ಅವನನ್ನು ಇಳಿಸಿ, ತಮ್ಮ ಪೇಟವನ್ನೇ ಬಿಚ್ಚಿ ಕೈಗೆ ಕಟ್ಟಿದರು.

“ಬ್ರೇಕ್ ಹಿಡಿಯೂದಿಲ್ಲ ಅಂತ ಮಾಲಕಗ ನಿನ್ನೇನ ಹೇಳಿದ್ನಿರಿ,” ಅಂದ ಅವನು. “ಇದೊಂದ್ ಟ್ರಿಪ್ ಹೊಡಿ, ಆಮ್ಯಾಲ ನೋಡೂಣು ಅಂದ. ಒಲ್ಲೆ ಅಂದ್ರ ನಾಳಿಂದ ಕೆಲಸ ಇರಂಗಿಲ್ರಿ.”

ಮೇಲಿನ ಕಚೇರಿ ಮೊದಲು ಕೇಳಿದ್ದು ಯಂತ್ರದ ಬಗ್ಗೆ. ಆಮೇಲೆ, ಅತಿವೇಗಕ್ಕೆ ಅಂಕಿಯ ಪುರಾವೆ ಇದೆಯಲ್ಲ, ಚಾಲಕನ ಮೇಲೆ ಕೇಸು ಹಾಕಿ ಮುಗಿಸಿ ಎಂಬ ಸೂಚನೆ ಬಂತು. ಅಂಕಿ ಏರುತ್ತ ಹೋದದ್ದೇ ಬ್ರೇಕ್ ಇರಲಿಲ್ಲ ಎನ್ನುವುದಕ್ಕೂ ಪುರಾವೆ ಎಂದು ವಾದಿಸಿ, ಲಾರಿಯನ್ನು ಮೋಟಾರು ವಾಹನ ನಿರೀಕ್ಷಕರಿಂದ ತಪಾಸಣೆ ಮಾಡಿಸಿದೆ. ಮೊಕದ್ದಮೆ ಹೂಡಿದ್ದು ಮಾಲೀಕನ ಮೇಲೆ. ಅವನಿಗೆ ಶಿಕ್ಷೆಯೂ ಆಯಿತು.

ಎದುರಿಗೆ ಬರುವವನ ವೇಗವನ್ನು ಯಂತ್ರ ಹಿಡಿಯುತ್ತದೆ, ಅನುಮಾನವೇ ಬೇಡ. ಆ ವೇಗಕ್ಕೆ ಹೊಣೆ ಯಾರು ಎಂದು ವಿಚಾರಿಸುವುದು ಪೊಲೀಸನ ಪಾಲಿನ ಕೆಲಸ. ನಿವೃತ್ತನಾಗುವವರೆಗೂ, ಚಾಲಕನ ಹೆಸರು ಬರೆದುಕೊಳ್ಳುವ ಮುಂಚೆ, ಗಾಡಿ ಕಳಿಸಿದವರು ಯಾರು ಎಂದು ಕೇಳುತ್ತಿದ್ದೆ.